ಎಡಗಡೆಯ ಜಿಪ್

ಮಾರ್ಚ್ 4, ಮಂಗಳವಾರ

ಇವತ್ತೂ ಬಟ್ಟೆ ಅಂಗಡಿಯ ಟ್ರಯಲ್ ರೂಮಿನಲ್ಲೇ ಕೂತೆ. ಮೂರನೆಯದು. ಬೋಲ್ಟ್ ಸರಿಯಾಗಿ ಬೀಳುವುದು ಅದೊಂದಕ್ಕೇ. ಊಟದ ಬಿಡುವಿನ ನಲವತ್ತೈದು ನಿಮಿಷ, ಸ್ಟೂಲಿನ ಮೇಲೆ ನಾನು, ಮೊಬೈಲಿನಲ್ಲಿ ಕೌನ್ಸೆಲಿಂಗ್ ಮೇಡಂ. ಆಲ್ಟರೇಷನ್ ಅಕ್ಕ, ಅಂದರೆ ನಾನು, ಯಾರ ಹತ್ತಿರವೋ ಗುಟ್ಟಾಗಿ ಮಾತಾಡುತ್ತಾಳೆ — ಅಂಗಡಿಯವರಿಗೆ ಗೊತ್ತಿರುವುದು ಇಷ್ಟೇ. ಮನೆಯಲ್ಲಂತೂ ಅಪ್ಪನ ಮುಂದೆ ಬಾಯಿ ಬಿಡುವ ಹಾಗಿಲ್ಲ. ಅವರನ್ನು ಹಗಲು ನೋಡಿಕೊಳ್ಳುವ ಆಯಾ ಆರಕ್ಕೆ ಹೊರಟುಬಿಡುತ್ತಾಳೆ. ಭಾನುವಾರ ಬರುವುದೇ ಇಲ್ಲ.

“ಈ ವಾರ ಒತ್ತಡ ಹತ್ತರಲ್ಲಿ ಎಷ್ಟು?” ಹನ್ನೊಂದು ಅಂದೆ. ಮೇಡಂ ನಕ್ಕರು. ನಾನು ನಗಲಿಲ್ಲ.

ಈ ಕೌನ್ಸೆಲಿಂಗ್ ಆ್ಯಪ್ ಹಾಕಿಕೊಟ್ಟವನು ಅಣ್ಣ. “ಪುಟ್ಟಿ, ನೀನು ಮೊದಲು ಸರಿಹೋಗು. ಆಮೇಲೆ ಅಪ್ಪನ್ನ ಆರಾಮಾಗಿ ನೋಡ್ಕೋಬಹುದು.” ಕೆಟ್ಟ ಮಿಕ್ಸಿಯನ್ನು ರಿಪೇರಿಗೆ ಕೊಟ್ಟ ಹಾಗೆ. ನಲವತ್ತೆಂಟು ವರ್ಷದ ಪುಟ್ಟಿ.

ಮಾರ್ಚ್ 9, ಭಾನುವಾರ

ಅಪ್ಪ ಗೇಟಿನ ಹತ್ತಿರ ನಿಂತು ಪ್ಯಾಂಟು ಬಿಚ್ಚಿದರು. ಈ ತಿಂಗಳು ಮೂರನೇ ಸಲ. ಮರೆವಿನ ಕಾಯಿಲೆ, ಅವರ ತಪ್ಪಲ್ಲ... ಗೊತ್ತು, ಗೊತ್ತು. ಎದುರು ಮನೆಯವರು ನಕ್ಕರು. ಅವರನ್ನು ಬಿಟ್ಟು ಅಪ್ಪನ ಮೇಲೆ ಕೂಗಾಡಿದೆ. ಆಮೇಲೆ ನಲ್ಲಿ ಬಿಟ್ಟುಕೊಂಡು ಅತ್ತೆ.

ಸಂಜೆ ಅಪ್ಪನ ಪ್ಯಾಂಟುಗಳ ಹೊಲಿಗೆಯನ್ನೆಲ್ಲ ಬಿಚ್ಚಿ ಮತ್ತೆ ಹೊಲಿದೆ. ಮುಂದಿನ ಜಿಪ್ ಬಂದ್. ಗುಂಡಿ ಬರೀ ತೋರಿಕೆಗೆ. ನಿಜವಾದ ಜಿಪ್ ಎಡಗಡೆ, ಪಕ್ಕದ ಹೊಲಿಗೆಯಲ್ಲಿ, ಕಣ್ಣಿಗೆ ಕಾಣದ ಹಾಗೆ. ಎರಡು ಗಂಟೆಗೊಮ್ಮೆ ಬಾತ್‌ರೂಮಿಗೆ ಕರೆದುಕೊಂಡು ಹೋಗುವವರು ಹೇಗೂ ನಾನು, ಇಲ್ಲವೇ ಆಯಾ. ಮರ್ಯಾದೆ ಉಳಿಯಿತು, ಇಬ್ಬರದೂ.

ಮಾರ್ಚ್ 18, ಮಂಗಳವಾರ

ಮನೆಯವರೊಬ್ಬರನ್ನು ಸೆಷನ್ನಿಗೆ ಸೇರಿಸೋಣ ಎಂದಿದ್ದರು ಮೇಡಂ. ಅಣ್ಣ ಸೇರಿದ, ಕಾರಿನಲ್ಲಿ ಕೂತು. ಐದನೇ ನಿಮಿಷಕ್ಕೆ ಅಳು. “ಅಪ್ಪನ್ನ ಹಾಗೆ ನೋಡೋಕಾಗಲ್ಲ ಮೇಡಂ, ಎದೆ ಒಡೆದುಹೋಗುತ್ತೆ.” ನೋಡುವುದೇ ಇಲ್ಲವಲ್ಲ ಮಹಾರಾಯ, ಎಲ್ಲಿಂದ ಒಡೆಯಿತು? ಮೇಡಂ ಅವನಿಗೆ ಉಸಿರು ಎಳೆದು ಬಿಡುವುದನ್ನು ಹೇಳಿಕೊಟ್ಟರು. ನಲವತ್ತು ನಿಮಿಷ! ಮೂರು ಕಡೆಯೂ ಕನ್ನಡಿ, ಮೂರರಲ್ಲೂ ನನ್ನ ಮುಖ.

ಕೊನೆಗೆ ಮೂಗು ಒರೆಸಿಕೊಂಡು, “ಹಗುರಾಯ್ತು. ಥ್ಯಾಂಕ್ಸ್ ಪುಟ್ಟಿ” ಅಂದ.

ಊಟವೂ ಹೋಯಿತು, ಸೆಷನ್ನೂ ಹೋಯಿತು. ಸಿಟ್ಟಿನಲ್ಲಿ ಗಿರಾಕಿಯೊಬ್ಬರ ಪ್ಯಾಂಟನ್ನು ಎರಡಿಂಚು ಹೆಚ್ಚಿಗೆ ಕತ್ತರಿಸಿಬಿಟ್ಟೆ. ಮಾಲೀಕರು ಬೈದರು.

ಏಪ್ರಿಲ್ 8, ಮಂಗಳವಾರ

ಎರಡು ವಾರ ಸೆಷನ್ ಬಿಟ್ಟೆ. ಇವತ್ತು ಕೂತಿದ್ದು ಬೈಯಲಿಕ್ಕೆಂದೇ. ನಾನು ಶುರು ಮಾಡುವ ಮೊದಲೇ ಮೇಡಂ, “ಅವತ್ತು ತಪ್ಪು ನಂದು. ನಿಮ್ಮ ಸಮಯಾನ ಅವರಿಗೆ ಕೊಟ್ಬಿಟ್ಟೆ” ಅಂದರು.

“ಹೇಗನ್ನಿಸ್ತಿದೆ ಅಂತ ಕೇಳಲ್ಲ. ಏನು ಬೇಕು, ಹೇಳಿ.”

“ಭಾನುವಾರ.” ಯೋಚಿಸಲೇ ಇಲ್ಲ, ಬಂದುಬಿಟ್ಟಿತು.

“ಅಣ್ಣಂಗೆ ಹೇಳಿದೀರಾ?”

ಇಲ್ಲ. ನಾಲ್ಕು ವರ್ಷದಲ್ಲಿ ಒಂದು ಸಲವೂ ಬಾಯಿಬಿಟ್ಟು ಕೇಳಿಲ್ಲ. ಅವನಾಗಿಯೇ ತಿಳಿದುಕೊಳ್ಳಲಿ ಎಂದು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಈಗ ನನ್ನ ಮೇಲೂ ಸಿಟ್ಟು.

ಏಪ್ರಿಲ್ 13, ಭಾನುವಾರ, ಬೆಳಿಗ್ಗೆ 10.45

ಅಪ್ಪನನ್ನು ಅಣ್ಣನ ಮನೆಯಲ್ಲಿ ಬಿಟ್ಟು ಬಂದೆ. ಸಂಜೆ ಆರರವರೆಗೆ. ಅತ್ತಿಗೆ ಬಾಗಿಲಲ್ಲೇ, “ಮೊದಲೇ ಹೇಳ್ಬಾರ್ದಿತ್ತಾ? ನಮಗೆ ಹೊರಗೆ ಹೋಗೋದಿತ್ತು.”

“ಅಣ್ಣಂಗೆ ಬುಧವಾರವೇ ಹೇಳಿದೀನಿ ಅತ್ತಿಗೆ.”

ಮಾತ್ರೆ, ಟವೆಲ್, ಇನ್ನೊಂದು ಜೊತೆ ಬಟ್ಟೆ, ಎಲ್ಲಾ ಚೀಲದಲ್ಲಿ. ಒಂದು ಚೀಟಿಯನ್ನೂ ಬರೆದಿಟ್ಟೆ. ಜಿಪ್ಪಿನ ವಿಷಯ ಬರೆಯಲಿಲ್ಲ. ಮರೆತದ್ದಲ್ಲ, ಬೇಕೆಂದೇ. ತಡಕಾಡಲಿ.

11.40

ಅಣ್ಣನ ಫೋನ್. ಎತ್ತಲಿಲ್ಲ. ಮತ್ತೆ. ಮತ್ತೆ. ಆಮೇಲೆ ಮೆಸೇಜ್: “ಪುಟ್ಟಿ, ಅಪ್ಪ ಬಾತ್‌ರೂಮಲ್ಲಿ ನಿಂತಿದಾರೆ. ಈ ಪ್ಯಾಂಟ್ ಹೇಗೆ ಬಿಚ್ಚೋದು? ಗುಂಡೀನೇ ಬರ್ತಿಲ್ಲ.”

ನಕ್ಕೆ. ಒಬ್ಬಳೇ, ಜೋರಾಗಿ. ಒದ್ದಾಡಲಿ. ಆಮೇಲೆ ಹೊಳೆಯಿತು — ಒದ್ದೆಯಾಗುವುದು ಅಣ್ಣನಲ್ಲ, ಅಪ್ಪ.

12

ನಾನೇ ಫೋನ್ ಮಾಡಿದೆ. ಎಡಗಡೆ, ಪಕ್ಕದ ಹೊಲಿಗೆಯಲ್ಲಿ ಎಂದೆ. ತಡವಾಗಿತ್ತು. ಅಣ್ಣ ಅಳುತ್ತಿದ್ದ. ಹಿಂದಿನಿಂದ ಅಪ್ಪನ ದನಿ, “ಪುಟ್ಟಿ ಎಲ್ಲಿ? ಪುಟ್ಟೀನ ಕರಿ.” ನಾನು ಯಾರೆಂಬುದು ಅಪ್ಪನಿಗೆ ಮರೆತುಹೋಗಿ ವರ್ಷದ ಮೇಲಾಗಿತ್ತು.

“ನೀನೇ ಬಂದ್ಬಿಡೇ” ಅಂದ ಅಣ್ಣ.

“ಇಲ್ಲ. ಆಮೇಲೆ ಅಳು. ಮೊದಲು ಬಿಸಿನೀರು, ಟವೆಲ್. ಚೀಲದಲ್ಲಿ ಇನ್ನೊಂದು ಪ್ಯಾಂಟಿದೆ, ಅದಕ್ಕೂ ಜಿಪ್ ಎಡಗಡೆನೇ.” ಇಟ್ಟುಬಿಟ್ಟೆ.

ಹೋಗುವುದಿಲ್ಲ. ತಪ್ಪು ನನ್ನದೇ, ಹೌದು. ಆದರೂ ಹೋಗುವುದಿಲ್ಲ. ಆರರವರೆಗೆ ಭಾನುವಾರ ನನ್ನದು. ಕಾಲಲ್ಲಿ ಆಗಲೇ ಚಪ್ಪಲಿ ಇದೆ, ಯಾವಾಗ ಮೆಟ್ಟಿಕೊಂಡೆನೋ —