ಕಾಲು ತೊಳೆದ ಬೋಗುಣಿ

ಲಾಲಿಬೆಲಾ,
ಗೆನ್ನ ಕ್ರಿಸ್‌ಮಸ್ ಹಬ್ಬದ ಮರುದಿನ

ಅಮ್ಮಾ,

ಫೋನು ಸತ್ತು ನಾಲ್ಕು ತಿಂಗಳಾಯಿತು. ನೀನಿರುವ ಅಡಿಸ್ ಅಬಾಬಕ್ಕೆ ಹೊರಟ ಪಾದ್ರಿಯವರ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ದಾರಿಯಲ್ಲಿ ಕಾದಾಡುವ ಎರಡೂ ಕಡೆಯವರು ಬಿಚ್ಚಿ ಓದುತ್ತಾರಂತೆ. ಹಾಗಾಗಿ ಬರೀ ಮನೆಯ ಸುದ್ದಿ.

ಹಿಟ್ಟಿನ ಗಿರಣಿ ವಾರಕ್ಕೊಂದು ದಿನ ತಿರುಗುತ್ತದೆ. ಗುಂಡಿನ ಸದ್ದಿಗೆ ಈಗ ನಮ್ಮ ಕೋಳಿಗಳೂ ಓಡುವುದಿಲ್ಲ. ಯಾತ್ರಿಕರ ಕಾಲು ತೊಳೆಯಲು ನಿನ್ನ ಹಾಗೆಯೇ ಚರ್ಚಿನ ದಾರಿಯಲ್ಲಿ ಬೋಗುಣಿ ಇಟ್ಟುಕೊಂಡು ಕೂತೆ. ಪಕ್ಕದ ಮನೆಯ ತಿರುನೆಶ್, "ಈ ಸಲ ಕಾಲಿಗಿಂತ ಬೋಗುಣಿನೇ ಜಾಸ್ತಿ ಕಣೇ," ಅಂದಳು.

ಮೊದಲೆಲ್ಲ ತೊಳೆಯುತ್ತಾ "ಯಾವೂರು?" ಅಂತ ಕೇಳುತ್ತಿದ್ದೆವು. ಈಗ ಕೇಳಿದರೆ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಕೊನೆಗೆ ಬಂದವನು ಬಿಳಿ ಹೊದಿಕೆಯನ್ನು ಕಣ್ಣಿನ ಕೆಳಗಿನವರೆಗೂ ಹೊದ್ದಿದ್ದ. ಕಣಕಾಲಿನಲ್ಲಿ ಬೂಟು ಉಜ್ಜಿದ ಗಾಯವಿತ್ತು. ಎಡಗಾಲಿನಲ್ಲಿ ಕಿರುಬೆರಳಿರಲಿಲ್ಲ. ನಾನು ತಲೆ ಎತ್ತದೆ ಎರಡು ಸಲ ತೊಳೆದೆ. "ಸಾಕು ಬಿಡೇ, ಚರ್ಮ ಕಿತ್ತು ಬರತ್ತೆ," ಅಂದು ನನ್ನ ತಲೆ ಮುಟ್ಟಿ ಹೋದ.

ನಾವು ಚಿಕ್ಕವರಿದ್ದಾಗ ಆ ಪೆಟ್ಟಾದ ಮೇಲೆ ನಮ್ಮಿಬ್ಬರ ಕೈಗೆ ಸಿಗದಂತೆ ನೀನು ಮಂಚದಡಿ ಬಚ್ಚಿಟ್ಟ ಕೊಡಲಿ ಇನ್ನೂ ಅಲ್ಲೇ ಇದೆ.

ಸಾಬೂನು, ಉಪ್ಪು ಕಳಿಸು. ರಸ್ತೆ ತೆರೆಯುವವರೆಗೆ ಬರಬೇಡ.

ಅಣ್ಣನ ಸುದ್ದಿ ಸಿಗುವವರೆಗೆ, ಹಬ್ಬ ಕಳೆದರೂ ಉಪವಾಸ ಬಿಡುವುದಿಲ್ಲ ಎಂದು ಬರೆದಿದ್ದೀಯಲ್ಲ. ನಾನು ಮೊಗೆಸಣ್ಣನ ಮುಖ ನೋಡಿಲ್ಲ. ಯಾರು ಕೇಳಿದರೂ ಹಾಗೆಯೇ ಹೇಳು.

ನೀನು ಮಾತ್ರ ಇವತ್ತೇ ಉಪವಾಸ ಬಿಡು.

ನಿನ್ನ ಮಗಳು,
ಯೆಶಿ