ಮೂಸಿದ ಮಲ್ಲಿಗೆ

ಪ್ರಯೋಂಗ್ ಅಮ್ಮಾ, ನನ್ನ ಗುರುಗಳೇ, ನೀವು ಕೇಳಿಸಿಕೊಳ್ಳುವುದಿಲ್ಲ ಅಂತ ಗೊತ್ತಿದ್ದೂ ಫೋನಿನಲ್ಲಿ ಮಾತು ರೆಕಾರ್ಡ್ ಮಾಡುತ್ತಿದ್ದೇನೆ. ಇವತ್ತು ನಿಮ್ಮ ದಹನ ಮುಗಿಯಿತು. ಹನ್ನೆರಡು ವರ್ಷದ ಹಿಂದೆ, ನಿಮ್ಮ ಹತ್ತಿರ ಹೂ ಪೋಣಿಸೋದು ಕಲಿಯುವಾಗ, ಕಟ್ಟಿದ ಮಾಲೆ ಬಿಚ್ಚಿಸಿದಿರಿ ಅಂತ ಸೂಜಿ ಎಸೆದು ಎದ್ದು ಹೋದವನು ನಾನು. ಕೊನೆಗಾದರೂ ಕ್ಷಮೆ ಕೇಳೋಣ ಅಂತ ನಾನೇ ಕಟ್ಟಿದ ಮಲ್ಲಿಗೆ ಮಾಲೆ ತಂದಿದ್ದೆ. ಬೌದ್ಧ ವಿಹಾರದ ಮೆಟ್ಟಿಲಲ್ಲಿ ಧೈರ್ಯ ಸಾಲದೆ, ಮಾಲೆಗೆ ಮುಖ ಒತ್ತಿ ಉಸಿರೆಳೆದುಬಿಟ್ಟೆ. ನಿಮ್ಮ ಮಗಳು ಪಿಕುಲ್ ಅದನ್ನು ಕಂಡಳು.

“ಅಯ್ಯೋ ಅಣ್ಣಾ, ಮೂಸಿಬಿಟ್ರಾ? ಐವತ್ತಾದ್ರೂ ಮಗು ಬುದ್ಧಿ! ಮೂಸಿದ ಹೂ ಗುರುಗಳಿಗೆ ಇಡ್ತಾರಾ? ಅಮ್ಮ ಇದ್ದಿದ್ರೆ ಕೈಗೆ ಬಾರಿಸೋರು.”

“ಬಾರಿಸ್ಲಿ ಅಂತಾನೇ ಬಂದೆ ಕಣಮ್ಮಾ,” ಅಂದೆ.

ಇನ್ನೊಂದು ಕಟ್ಟೋಕೆ ಹೊತ್ತಿರಲಿಲ್ಲ. ಊರವರ ಸಾಲಿನಲ್ಲಿ ನಿಂತೆ. ಚಿತೆಗೆ ಇಡಲು ಬಂದವರಿಗೆಲ್ಲ ಹಂಚುವ ಗಂಧದ ಚಕ್ಕೆಯ ಹೂ ನನಗೂ ಒಂದು ಕೊಟ್ಟರು. ಅದನ್ನು ನಿಮ್ಮ ಪೆಟ್ಟಿಗೆಯ ಬಳಿ ಇಟ್ಟೆ. ಸಾಲಿನಲ್ಲಿ ಹಿಂದಿದ್ದವರು ಕಾಯುತ್ತಿದ್ದರು, ಮಾಲೆ ಕೈಯಲ್ಲೇ ಹಿಡಿದು ಮುಂದಕ್ಕೆ ನಡೆದೆ.