ಸೋಮವಾರದ ಬಸ್ ಹತ್ತಬ್ಯಾಡ್ರಿ

ಸಂತೇಬೆನ್ನೂರು,
ಶುಕ್ರವಾರ, ಅಕ್ಟೋಬರ್ ಹತ್ತು, ೨೦೨೫

ಪ್ರೀತಿಯ ಅವ್ವಗೆ, ನಿನ್ನ ಪರಶು ಕೈಮುಗಿದು ಮಾತಾಡ್ತಿದೀನಿ.

ಹೆಂಗಿದೀಯ. ಮೊಣಕಾಲು ನೋವು ಕಮ್ಮಿ ಆತಾ. ಎಣ್ಣೆ ಹಚ್ಚಿ ಬಿಸಿನೀರು ಹಾಕ್ಕೋ ಅಂದಿದ್ದೆ, ಹಾಕ್ಕೊಂಡಿರಲ್ಲ, ಗೊತ್ತು ನಂಗೆ. ಹೋದ ತಿಂಗ್ಳು ರೇಷನ್ ಅಂಗಡೀಲಿ ನಿನ್ನ ಹೆಬ್ಬೆಟ್ಟು ತಗೊಳ್ಳಲಿಲ್ಲ ಅಂದಿದ್ದಿ, ಈ ಸಲ ತಗೊಂತಾ. ಅಡಿಕೆ ಸುಲಿದು ಸುಲಿದು ಗೆರೆ ಸವೆದಾವೆ ಅಂತ ಹೇಳು, ಬೇರೆ ಬೆರಳು ಇಡಿಸ್ಕೊಂತಾನೆ. ಅಪ್ಪ ಕುರಿ ಹೊಡ್ಕೊಂಡು ಈಗ ಯಾವ ಕಡೆ ಅದಾನೆ, ಫೋನ್ ಹತ್ತಿತಾ. ನಾನು ಚೆನ್ನಾಗಿದೀನಿ. ಊಟಕ್ಕೆ ತೊಂದ್ರೆ ಇಲ್ಲ. ನಿದ್ದೆ ಒಂದು ಬರ್ತಿಲ್ಲ.

ದಿನಾ ವಾಯ್ಸ್ ಕಳ್ಸೋನು ಇವತ್ತು ಕಾಗದ ಯಾಕೆ ಕಳ್ಸಿದ ಅಂತ ಗಾಬರಿ ಆಗ್ಬ್ಯಾಡ. ಇದೂ ಬಾಯಲ್ಲಿ ಹೇಳಿದ್ದೇ. ನಾನು ಮಾತಾಡ್ತಿದೀನಿ, ಫೋನು ಬರ್ಕೊಂತೈತೆ, ಬೆಳಿಗ್ಗೆ ಜೆರಾಕ್ಸ್ ಅಂಗಡೀಲಿ ದಪ್ಪ ಅಕ್ಷರದಾಗೆ ತೆಗೆಸ್ತೀನಿ. ನೀನು ನಾಕನೇ ಕ್ಲಾಸು ಓದಿದೋಳು, ಬಸ್ಸಿನ ಬೋರ್ಡ್ ಓದ್ತೀಯ, ಇದನ್ನೂ ಕೂಡಿಸ್ಕೊಂಡು ಓದು. ಎರಡು ದಿನ ಹಿಡಿದ್ರೆ ಹಿಡೀಲಿ ಅನ್ನಂಗಿಲ್ಲ, ಕೈಗೆ ಬಂದ ತಕ್ಷಣ ಕೂತು ಓದಿ ಮುಗ್ಸು. ವಾಯ್ಸ್ ಕಳ್ಸಿದ್ರೆ ನೀನು ಜಗಲಿ ಮ್ಯಾಲೆ ಫೋನ್ ಇಟ್ಟು ಎಲ್ಲಾರನ್ನೂ ಕರ್ದು ಕೇಳಿಸ್ತಿ. ಮೆಸೇಜ್ ಕಳ್ಸಿದ್ರೆ, ಅಕ್ಷರ ಸಣ್ಣದು ಅಂತ ಸಾವಂತ್ರಮ್ಮನ ಮಗಳು ಚೈತ್ರಾ ಕೈಗೆ ಕೊಡ್ತಿ, ಆ ಹುಡುಗಿ ಜೋರಾಗಿ ಓದ್ತಾಳೆ. ಇದು ಮೊದ್ಲು ನೀನೊಬ್ಳೇ ಕೇಳಬೇಕಾದ್ದು. ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ಓದು ಅವ್ವ.

ಸೋಮವಾರ ನೀವು ಬರಬ್ಯಾಡ್ರಿ. ಹನ್ನೆರಡು ಜನಾನೂ. ನಮ್ಮ ಯಜಮಾನ್ರು ಮಹೇಶ್ವರಪ್ಪೋರ ಕಣದಾಗೆ ಈ ವರ್ಷ ಅಡಿಕೆ ಸುಲಿಯೋ ಕೆಲಸ ಇಲ್ಲ. ಮಷೀನ್ ಬಂದೈತೆ.

ಮೊನ್ನೆ ಮಂಗಳವಾರ ಬರ್ರಿ ಅಂದಿದ್ದು ನಾನೇ. ಅದನ್ನೇ ಹೆಂಗೆ ಹೇಳಾದು ಅಂತ ಮೂರು ದಿನದಿಂದ ಒದ್ದಾಡ್ತಿದೀನಿ. ಅವತ್ತು ಫೋನ್ ಮಾಡಿದ್ದೇ ಬರಬ್ಯಾಡ್ರಿ ಅನ್ನಾಕೆ. ನೀನು ಎತ್ತಿದ ತಕ್ಷಣ ಸ್ಪೀಕರ್ ಹಾಕಿದಿ. ಆ ಕಡೆಯಿಂದ ಬಂಗಾರಮ್ಮಜ್ಜಿ, "ಏನೋ ಫಿಟ್ಟರ್ ಸಾಹೇಬ, ನಿನ್ನ ಮದ್ವೇಲಿ ನಂಗೆ ಹಲ್ಲು ಕಟ್ಟಿಸ್ತೀನಿ ಅಂದಿದ್ದಿ, ಹೋಳಿಗೆ ತಿನ್ನಾಕೆ ನಾನಿರ್ತೀನೋ ಇಲ್ವೋ" ಅಂದ್ಲು. ಎಲ್ಲಾರೂ ನಕ್ರು. ನೀನೂ ನಕ್ಕಿ. ಬಾಳ ದಿನ ಆಗಿತ್ತು ನಿನ್ನ ನಗು ಕೇಳಿ. "ಆ ಕಡೆಯೆಲ್ಲ ಮಳೆ ಹೆಂಗೈತೆ, ಸೋಮವಾರ ಹೊರಡನಾ" ಅಂತ ಕೇಳಿದಿ. ನನ್ನ ಬಾಯಿಂದ, "ಮಳೆ ಕಮ್ಮಿ ಐತೆ, ಬರ್ರಿ" ಅಂತ ಬಂದ್ಬಿಡ್ತು. ಫೋನ್ ಇಟ್ಟ ಮ್ಯಾಲೆ ಮಷೀನ್ ಪಕ್ಕ ಕೂತು ನನ್ನ ಕೆನ್ನೆಗೆ ನಾನೇ ಹೊಡ್ಕೊಂಡೆ. ಇದು ಉಪಚಾರಕ್ಕೆ ಹೇಳ್ತಿರೋ ಮಾತಲ್ಲ, ನಿಜವಾಗ್ಲೂ ಹೊಡ್ಕೊಂಡೆ.

ನೀವು ಮೋಸ ಹೋಗಿದ್ದು ಎಲ್ಲಿ ಅಂದ್ರೆ ಬಸ್ಸಿಂದ. ಮೊದ್ಲೆಲ್ಲ ಯಜಮಾನ್ರು ಟೆಂಪೋ ಕಳ್ಸೋರು. ಟೆಂಪೋ ಬಂತು ಅಂದ್ರೆ ಕೆಲಸ ಐತೆ, ಬರಲಿಲ್ಲ ಅಂದ್ರೆ ಕಾಯಿ ಇನ್ನಾ ಬಲಿತಿಲ್ಲ ಅಂತ ಲೆಕ್ಕ. ಹೆಂಗಸರಿಗೆ ಬಸ್ ಫ್ರೀ ಆದ ಮ್ಯಾಲೆ ಟೆಂಪೋ ನಿಂತೋತು. ದಸರಾ ಮುಗೀತು ಅಂದ್ರೆ ಗಂಟು ಕಟ್ಕೊಂಡು ನೀವೇ ದಾವಣಗೆರೆಗೆ ಬಂದು ಬಸ್ ಬದಲಾಯಿಸ್ಕೊಂಡು ಬಂದು ಇಳೀತೀರಿ. ಯಾರೂ ಕರೆಯೋ ಹಂಗಿಲ್ಲ, ಬ್ಯಾಡ ಅನ್ನೋ ಹಂಗೂ ಇಲ್ಲ. ಬಸ್ ಫ್ರೀ ಆಗಿದ್ದು ಒಳ್ಳೇದೇ ಅವ್ವ, ನೀನು ಮೊದಲನೇ ಸಲ ತವರಿಗೆ ನಿನ್ನ ಮನಸ್ಸಿಗೆ ಬಂದಾಗ ಹೋಗಿ ಬಂದಿದ್ದು ಅದ್ರಿಂದಾನೇ. ಆದ್ರೆ ಅದು ಬಂದು ಇಲ್ಲಿ ಕೆಲಸ ಹೋಗಿದ್ದನ್ನ ಮುಚ್ಚಾಕ್ತು. ಒಂದು ಬದಲಾತು ಅಂತ ಖುಷಿ ಪಡೋ ಹೊತ್ತಿಗೆ ಇನ್ನೊಂದು ಎಲ್ಲೋ ಕಿತ್ಕೊಂಡು ಬಿದ್ದಿರ್ತೈತೆ, ಅದು ಯಾವುದು ಅಂತ ಗೊತ್ತಾಗಾದು ಆಮ್ಯಾಲೆ.

ತಡಿ, ಮೋಟ್ರು ಯಾಕೋ ಗುಂಯ್ ಅಂತೈತೆ, ನೋಡ್ಕೊಂಡು ಬರ್ತೀನಿ.

ಹಾಂ. ಬಂದೆ. ಬೆಲ್ಟ್ ಸಡ್ಲ ಆಗಿತ್ತು. ಇದು ಹೇಳಲಿಲ್ಲ ಅಂದ್ರೆ ಇಡೀ ಕಾಗದ ಸುಳ್ಳಾಗ್ತೈತೆ. ಹೊನ್ನಾಳೀಲಿ ಮಷೀನ್ ಕಂಪ್ನಿ ಕೆಲಸ ಅಂತಷ್ಟೇ ನಿಂಗೆ ಹೇಳಿದ್ದೆ. ಎಂಥ ಮಷೀನ್ ಅಂತ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಅಡಿಕೆ ಸುಲಿಯೋ ಮಷೀನೇ ಅವ್ವ. ದಾವಣಗೆರೇಲಿ ಮೊಬೈಲ್ ರಿಪೇರಿ ಕಲ್ತೆ, ಜನ ರಿಪೇರಿ ಮಾಡ್ಸೋದು ಬಿಟ್ಟು ಹೊಸದೇ ತಗೊಳ್ಳಾಕೆ ಹತ್ತಿದ್ರು, ಅಂಗಡಿ ಮುಚ್ತು. ಆಟೋ ಓಡಿಸ್ದೆ, ಆರು ತಿಂಗ್ಳೂ ನಿಲ್ಲಲಿಲ್ಲ. ಆಮ್ಯಾಲೆ ಈ ಕಂಪ್ನಿಗೆ ಹೊಕ್ಕೆ. ಹೊನ್ನಾಳಿ ಸುತ್ತ ಐದು ಮಷೀನ್ ಕೂರಿಸ್ದೆ, ನ್ಯಾಮತಿ ಕಡೆ ಮೂರು. ಬೋಲ್ಟ್ ಬಿಗಿ ಮಾಡೋನು, ಓಡ್ಸಿ ತೋರ್ಸೋನು, ಅವ್ರು ಕೊಟ್ಟ ಚಾ ಕುಡ್ದು ಬರೋನು. ಅಲ್ಲೂ ಹೆಂಗಸರು ಬಂದು ಸುಲೀತಿದ್ರು ಅಲ್ವಾ. ಅವ್ರು ಯಾವ ಊರವ್ರು, ಅವ್ರಿಗೆ ಯಾರು ಹೇಳಿದ್ರು ಬರಬ್ಯಾಡ್ರಿ ಅಂತ, ಒಂದು ದಿನಾನೂ ಕೇಳಲಿಲ್ಲ. ನ್ಯಾಮತೀಲಿ ಒಬ್ಬಾಕೆ ಕಣದ ಮೂಲೇಲಿ ಕೂತು ಮಷೀನನ್ನೇ ನೋಡ್ತಿದ್ಲು. ನಾನು ಹಲ್ಲು ಕಿರ್ದು, "ಏನಕ್ಕಾ, ಹೆಂಗೈತೆ ನಮ್ಮ ಮಷೀನು" ಅಂದೆ. ಆಕೆ, "ಊಟ ಕೇಳಲ್ಲ, ಅದೊಂದು ವಾಸಿ" ಅಂದ್ಲು. ನಾನು ಅದನ್ನ ತಮಾಷೆ ಅಂದ್ಕೊಂಡು ರೂಮಿಗೆ ಬಂದು ಹುಡುಗ್ರಿಗೆಲ್ಲ ಹೇಳ್ಕೊಂಡು ನಕ್ಕಿದ್ದೆ.

ಹದಿನೈದು ದಿನದ ಹಿಂದೆ ಒಂಬತ್ತನೇದು, ಸಂತೇಬೆನ್ನೂರು ಅಂದ್ರು. ಲಾರಿ ಇಳ್ಸಿದ್ದು ಮಹೇಶ್ವರಪ್ಪೋರ ಕಣದಾಗೆ. ನೀನು ಸುಲಿಯೋವಾಗ ನಾನು ಸಿಪ್ಪೆ ಗುಡ್ಡೆ ಮ್ಯಾಲೆ ಮಲಗ್ತಿದ್ನಲ್ಲ, ಅದೇ ಜಾಗದಾಗೆ ಸಿಮೆಂಟ್ ಹಾಕಿ ಮಷೀನ್ ಕೂರ್ಸಾಕೆ ಕಟ್ಟೆ ಮಾಡಿದ್ರು. ಯಜಮಾನ್ರು ನನ್ನ ನೋಡಿ, "ನೀನೇ ಬಂದ್ಯಲ್ಲೋ ಪರಶು" ಅಂದ್ರು. ಅವರನ್ನ ಬೈಯಾಕೂ ನಂಗೆ ಆಗವಲ್ದು. ಹೋದ ವರ್ಷ ಅವರ ಇನ್ನೊಂದು ಕಣಕ್ಕೆ ಬಂದಿದ್ದ ಗ್ಯಾಂಗು, ಗಾರ್ಮೆಂಟ್ಸ್‌ನಾಗೆ ಕೆಲಸ ಸಿಕ್ತು ಅಂತ ಅರ್ಧದಾಗೇ ಬಿಟ್ಟು ಹೋದ್ರು, ಕಾಯಿ ಗುಡ್ಡೆಯಾಗೇ ಬಿಸಿ ಹತ್ತಿ ಕೆಟ್ಟೋದ್ವು. ಅವರಿಗೂ ಹೆದ್ರಿಕೆ ಆಗೈತೆ. "ನಿಮ್ಮವ್ವಗೆ ನೀನೇ ಹೇಳಪ್ಪ, ನಂಗೆ ಬಾಯಿ ಬರಲ್ಲ. ಹದಿನೆಂಟು ವರ್ಷ ಬಂದೋಳು" ಅಂದ್ರು. ಸೀಜನ್ ಮುಗಿಯೋ ತನಕ ಓಡ್ಸಾಕೆ ನನ್ನನ್ನೇ ಇಟ್ಕೊಂಡ್ರು. ನಾನೂ ಒಪ್ಕೊಂಡೆ. ನಾನು ಒಲ್ಲೆ ಅಂದಿದ್ರೆ ಕಂಪ್ನಿಯವ್ರು ಇನ್ನೊಬ್ಬನ್ನ ಕಳ್ಸೋರು, ಮಷೀನ್ ಏನು ನಿಲ್ತಿರಲಿಲ್ಲ. ಹಿಂಗೆ ಅಂದ್ಕೊಂಡೇ ಒಪ್ಕೊಂಡಿದ್ದು. ಈಗ ಅದೂ ಸರಿಯೋ ತಪ್ಪೋ ತಿಳೀತಿಲ್ಲ.

ಬಾಳ ಕಷ್ಟ ಆಗಿದ್ದು ಕತ್ತಿ ವಿಷಯದಾಗೆ. ನೀವು ಪ್ರತಿ ವರ್ಷ ಕಡೇ ದಿನ ಕಾಯಿ ಸುಲಿಯೋ ಮೆಟ್ಟುಗತ್ತಿ ತೊಳೆದು ಎಣ್ಣೆ ಸವರಿ, ಬುಡದ ಮರಕ್ಕೆ ಅವರವರ ಸೀರೆ ಚೂರು ಕಟ್ಟಿ, ಒಂದು ಚೀಲದಾಗೆ ಹಾಕಿ ಅವರ ಅಟ್ಟದ ಮ್ಯಾಲೆ ಇಟ್ಟು ಬರ್ತೀರಲ್ಲ. ಬರೋ ವರ್ಷ ಬಂದೇ ಬರ್ತೀವಿ ಅಂತ ನಿಮ್ಮ ಮಾತು ಅದು, ಜಾಗ ಇಟ್ಟಿರ್ತೀವಿ ಅಂತ ಅವರ ಮಾತು. ಕಾಗದ ಇಲ್ಲ, ಸೈನ್ ಇಲ್ಲ. ಮಷೀನಿನ ಸ್ಪೇರ್ ಪೆಟ್ಟಿಗೆ ಇಡಾಕೆ ಜಾಗ ಬೇಕಾತು, ಅಟ್ಟ ಖಾಲಿ ಮಾಡು ಅಂದ್ರು. ನಾನು ಏಣಿ ಹತ್ತಿ ಅಲ್ಲಿದ್ದ ಚೀಲ ಎಳ್ದೆ. ಒಳಗೆ ಖಣಖಣ ಅಂದಾಗ್ಲೇ ಗೊತ್ತಾಗಿದ್ದು ಏನದು ಅಂತ. ಕೆಳಗೆ ಕಲ್ಲಮ್ಮೋರು ನಿಂತಿದ್ರು. ಯಜಮಾನ್ರ ಹೆಂಡ್ತಿ ಅಂದ್ರೂ ಅವ್ರ ಮಾತು ಅಲ್ಲಿ ನಡೆಯಲ್ಲ, ನಿಂಗೆ ಗೊತ್ತಲ್ಲ. "ಅದನ್ನ ಇಳಿಸ್ಬ್ಯಾಡೋ, ಅವು ನಮ್ಮನೇವಲ್ಲ, ಕೇಳದೆ ಹೆಂಗೆ ಮುಟ್ತಿ" ಅಂದ್ರು. ಯಜಮಾನ್ರು, "ಇಳ್ಸು, ಅವನವ್ವಂದೇ ಅಲ್ವಾ" ಅಂದ್ರು. ನಾನು ಏಣಿ ಮ್ಯಾಲೆ, ಕೈಯಾಗೆ ಚೀಲ. ಇಳ್ಸಿದೆ. ಇನ್ನೇನು ಮಾಡ್ಲಿ. ಕಲ್ಲಮ್ಮೋರು ಆವತ್ತಿಂದ ನನ್ನ ತಟ್ಟೆಗೆ ಬಡಿಸ್ತಾರೆ, ಮುಖ ನೋಡಲ್ಲ.

ಕತ್ತಿ ಚೀಲ, ಈ ಕಾಗದ ಎರಡೂ ವಿನಯ್ ಕುಮಾರ್ ತರ್ತಾನೆ. ನಮ್ಮೂರ ಹಿಂದಿನ ಬೀದಿಯೋನೇ, ದಾವಣಗೆರೇಲಿ ಅದಾನೆ, ನಾಳೆ ಶನಿವಾರ ಜಗಳೂರಿನ ಮ್ಯಾಲೆ ಊರಿಗೆ ಬರ್ತಾನೆ. ಬೆಳಿಗ್ಗೆ ಅವನ ಕೈಗೆ ಮುಟ್ಟಿಸ್ತೀನಿ. ಚೀಲ ನೋಡಿದ್ರೇನೇ ಎಲ್ಲಾರಿಗೂ ಅರ್ಥ ಆಗ್ತೈತೆ, ಅದ್ಕೇ ಕಾಗದ ಮೊದ್ಲು ಕೊಡು, ಕತ್ತಲಾದ ಮ್ಯಾಲೆ ಚೀಲ ಕೊಡು ಅಂತ ಅವನಿಗೆ ಹೇಳೀನಿ. ನೀನು ಕಾಗದ ಓದಿದ ತಕ್ಷಣ ಮೊದ್ಲು ಸಾವಂತ್ರಮ್ಮನ ಮನೆಗೆ ಹೋಗು. ಆಕೆ ಹಾಸ್ಟೆಲ್‌ನಾಗೆ ಅಡುಗೆ ಕೆಲಸ ಶನಿವಾರಕ್ಕೆ ಬಿಡ್ತೀನಿ ಅಂದಿದ್ಲು, ಸೀಜನ್‌ಗೆ ಬರಾಕೆ. ಬಿಟ್ಟಿದ್ರೂ ರಾತ್ರೀನೇ ವಾರ್ಡನ್ ಹತ್ರ ಹೋಗಿ ಕೈಕಾಲು ಹಿಡ್ಕೊಳ್ಳಲಿ. ಭಾನುವಾರ ಇನ್ನೊಬ್ರು ಬಂದು ಸೇರ್ಕೊಂಡ್ರೆ ಆ ಕೆಲಸಾನೂ ಹೋತು, ಈ ಕೆಲಸಾನೂ ಹೋತು. ನಾನು ಮಂಗಳವಾರಾನೇ ಬಾಯಿ ಬಿಟ್ಟಿದ್ರೆ ಆಕೆಗೆ ಇಷ್ಟು ಆಗ್ತಿರಲಿಲ್ಲ.

ನೀನು ಕೇಳ್ಬಹುದು, ಹನ್ನೆರಡು ಜನ ಮಾಡೋದನ್ನ ಅದು ಚೆನ್ನಾಗಿ ಮಾಡ್ತೈತಾ ಅಂತ. ಬ್ಯಾಗ ಮಾಡ್ತೈತೆ. ಚೆನ್ನಾಗಿ ಅಂದ್ರೆ, ಒಂದೊಂದು ಒಡ್ದು ಹೋಳಾಗ್ತಾವೆ, ಸಣ್ಣ ಕಾಯಿ ಸಿಪ್ಪೆ ಸಮೇತ ಹೊರಗೆ ಬೀಳ್ತಾವೆ. ನೀನು ಬಾಯಲ್ಲಿ ಎಲೆ ಹಾಕ್ಕೊಂಡು, ಬಂಗಾರಮ್ಮಜ್ಜಿ ಜೊತೆ ಜಗಳ ಆಡ್ಕೊಂತಾನೇ ಒಂದೇ ಏಟಿಗೆ ಬಿಡಿಸ್ತಿದ್ದಿ. ಆ ಮಾತು, ಆ ಜಗಳ, ಹಾಡು ಯಾವುದೂ ಇಲ್ಲ ಈಗ ಕಣದಾಗೆ. ನಾನು ಕಿವಿಗೆ ಹತ್ತಿ ಇಟ್ಕೊಂಡು ನಿಂತಿರ್ತೀನಿ. ಕಂಪ್ನಿಯವ್ರು ನಿನ್ನೆ ವಿಡಿಯೋ ಕಳ್ಸಿದ್ರು, ಮುಂದಿನ ವರ್ಷದ ಮಾಡೆಲ್‌ಗೆ ಆಪರೇಟರೇ ಬ್ಯಾಡಂತೆ, ಸ್ವಿಚ್ ಹಾಕಿದ್ರೆ ಸಾಕಂತೆ. ನೋಡಿ ನಗು ಬಂತು. ಈ ಮಷೀನೇ ನಂಗೆ ಇನ್ನಾ ಪೂರ್ತಿ ತಿಳಿದಿಲ್ಲ. ಒಂದು ಕಲಿಯೋದ್ರೊಳಗೆ ಅದು ಹಳೇದಾಗ್ತೈತೆ ಅವ್ವ. ಓಡಿ ಓಡಿ ಬಂದು ಬಸ್ ಹಿಡ್ಕೊಂಡ್ರೆ, ಈ ಬಸ್ ಮುಂದಕ್ಕೆ ಹೋಗಲ್ಲ ಇಳೀರಿ ಅಂದಂಗೆ. ನಿಂಗೆ ಏನು ಮಾಡು ಅಂತ ಹೇಳ್ಲಿ ನಾನು. ಸಂಘದವ್ರು ಹೊಲಿಗೆ ಕಲಿಸ್ತಾರೆ ಅಂತಾರೆ. ನಿನ್ನ ಕಣ್ಣಿಗೆ ಸೂಜಿ ಕಾಣಲ್ಲ. ನನ್ನ ಹತ್ರ ಬಾ ಅಂದ್ರೆ ನಾನೇ ನಾಳೆ ಎಲ್ಲಿರ್ತೀನೋ. ಯೋಚನೆ ಮಾಡಿ ಮಾಡಿ ಎಲ್ಲಾ ಕಡೆ ಗೋಡೆ ಬರ್ತೈತೆ.

ಎಲ್ಲಾರನ್ನೂ ಕೇಳಿದೆ ಅಂತ ಹೇಳು ಅನ್ನಾಕೂ ಈಗ ಮುಖ ಇಲ್ಲ. ಬಂಗಾರಮ್ಮಜ್ಜಿಗೆ ನಮಸ್ಕಾರ ಹೇಳು, ಬೈದ್ರೆ ಬೈಸ್ಕೋ. ಚೈತ್ರಾಗೆ ಚೆನ್ನಾಗಿ ಓದು ಅನ್ನು. ಮಾತ್ರೆ ಮರೀಬ್ಯಾಡ. ದೇವ್ರು ನಿನ್ನ ಕೈಕಾಲು ಗಟ್ಟಿ ಇಟ್ಟಿರ್ಲಿ.

ನಿನ್ನ ಮಗ,
ಪರಶುರಾಮ್

ಮತ್ತೊಂದು ಅವ್ವ. ಜೆರಾಕ್ಸ್ ಅಂಗಡಿ ಮುಂದೆ ನಿಂತು ಸೇರಿಸ್ತಿದೀನಿ, ವಿನಯ್ ಫೋನ್ ಮ್ಯಾಲೆ ಫೋನ್ ಮಾಡ್ತಾನೆ. ಬರೋರು ಯಾರೂ ಬ್ಯಾಡ ಅಂದ್ನಲ್ಲ, ಅದು ಪೂರ್ತಿ ನಿಜ ಅಲ್ಲ. ಒಬ್ರು ಬೇಕು. ಮಷೀನ್ ಬಿಟ್ಟ ಸಣ್ಣ ಕಾಯಿ ಕೈಲಿ ಸುಲಿಯಾಕೆ, ಹೋಳು ಆರಿಸಾಕೆ. ಯಜಮಾನ್ರು, "ನಿಮ್ಮವ್ವ ಹೊನ್ನೂರಮ್ಮನ್ನ ಒಬ್ಳನ್ನೇ ಕರ್ಸು, ಗ್ಯಾಂಗು ಬ್ಯಾಡ" ಅಂದ್ರು. ನಾನು ಹೂಂ ಅಂದ್ಬಿಟ್ಟೀನಿ, ನಿನ್ನ ಕೇಳದೆ. ನೀನು ಕರ್ಕೊಂಡು ಬಂದ ಹನ್ನೊಂದು ಜನರ ಮುಂದೆ ನೀನೊಬ್ಳೇ ಗಂಟು ಕಟ್ಟಾದು ಹೆಂಗೆ ಅಂತ ನಂಗೂ ಗೊತ್ತಾಗ್ತೈತೆ. ಬರಲ್ಲ ಅಂದ್ರೆ ಬ್ಯಾಡ, ನಾನು ಯಜಮಾನ್ರಿಗೆ ಏನಾರಾ ಹೇಳ್ತೀನಿ. ಬರೋದಾದ್ರೆ, ನೀನಾಗಿ ಕೇಳ್ಕೊಂಡು ಹೋಗ್ತಿದೀಯ ಅಂತ ಅವ್ರು ಅಂದ್ಕೊಳ್ಳಬಾರ್ದು, ಆಮ್ಯಾಲೆ ಊರಾಗೆ ನಿನ್ನ ಜೊತೆ ಯಾರೂ ಕೂರಲ್ಲ. ಮಷೀನ್ ತಂದು ಕೂರ್ಸಿದೋನು ನನ್ನ ಮಗ, ನಾನು ಬರ್ತೀನಿ ಅಂತ ಒಪ್ಕೊಂಡೋನೂ ಅವ್ನೇ, ನಂಗೇನೂ ಗೊತ್ತಿರಲಿಲ್ಲ ಅಂತ ಎಲ್ಲಾರ ಮುಂದೆ ಹೇಳು. ಅವ್ರ ಜೊತೆ ನೀನೂ ನನ್ನ ಬೈಯಿ, ಜೋರಾಗೇ ಬೈಯಿ. ದೀಪಾವಳಿಗೆ ನಾನು ಊರಿಗೆ ಬರಲ್ಲ.